ಕೀವು ಕಂಡರೆ ಹಿಗ್ಗುವ ಚಿಕ್ಕಮ್ಮ

ಕಾಫಿ ಹೂ ಕಂಡರೆ ಹಿಗ್ಗುವವರನ್ನು ನೀವು ನೋಡಿರಬಹುದು. ಕೀವು ಕಂಡರೆ ಹಿಗ್ಗುವವರನ್ನು? ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ, ನನ್ನ ಚಿಕ್ಕಮ್ಮ!

ಪ್ರಯೋಗಾಲಯವೊಂದರಲ್ಲಿ ಬಿಳಿ ರಕ್ತಕಣಗಳ ಕಾಲು ನೋಡುವುದು ಅವರ ಕೆಲಸ. ಕಣಕ್ಕೂ ಕಾಲೇ ಎಂದು ಕೇಳಿದಿರೋ, ನಿಮ್ಮ ಕಥೆ ಮುಗಿದಂತೆ. ಕೊಟ್ಟಿಗೆಹಾರದ ಹೋಟೆಲಿನ ಯಜಮಾನರು ಒಮ್ಮೆ ಮರ್ಯಾದೆಗೆಂದು ಕೇಳಿಬಿಟ್ಟರು. ರಕ್ತದ ಹರಿವಿನಲ್ಲಿ ಉರುಳುತ್ತ ಬರುವ ಬಿಳಿಕಣ ಗಾಯದ ಹತ್ತಿರ ನಾಳದ ಗೋಡೆಯನ್ನು ಕಾಲಿನಿಂದ ಬಿಗಿಯಾಗಿ ಹಿಡಿದು ನಿಲ್ಲಬೇಕು. ಕಣದೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿವೆ. ಆ ಎಳೆಗಳನ್ನು ಕಾಲಿಗೆ ಬಿಗಿಯುವ ಇನ್ನೊಂದು ಪ್ರೋಟೀನು ಕೈಕೊಟ್ಟರೆ ಹಿಡಿತ ಜಾರಿ ಕಣ ಗಾಯವನ್ನು ದಾಟಿ ಹೋಗಿಬಿಡುತ್ತದೆ ಎಂದು ಚಿಕ್ಕಮ್ಮ ವಿವರಿಸಿದರು. ಅಷ್ಟರಲ್ಲಿ ನಮ್ಮ ಬಸ್ಸೂ ದಾಟಿ ಹೋಗಿತ್ತು.

ಕಳೆದ ಸಲ ಅವರು ಗೋಣಿಬೀಡಿನ ನಮ್ಮ ತೋಟಕ್ಕೆ ಬಂದಿದ್ದಾಗ, ಕಾಫಿ ಗಿಡ ಸವರುತ್ತಿದ್ದ ನನ್ನ ಕತ್ತಿ ಜಾರಿ ಮೊಣಕಾಲಿನ ಕೆಳಗೆ ಬಿತ್ತು. ಮೂಡಿಗೆರೆಗೆ ಕರೆದೊಯ್ದು ಹೊಲಿಗೆ, ಇಂಜೆಕ್ಷನ್ ಎಲ್ಲ ಮಾಡಿಸಿದವರು ಅವರೇ. ಆಮೇಲೆ ದಿನಾ ಬೆಳಗ್ಗೆ ನನಗೆ ಕಾಫಿ ಬರುವ ಮೊದಲು ಚಿಕ್ಕಮ್ಮ ಬರುತ್ತಿದ್ದರು, ಗಾಯದ ಯೋಗಕ್ಷೇಮ ವಿಚಾರಿಸಲು. ನನ್ನದಲ್ಲ! ಒಂದು ದಿನ ಗಾಯ ಊದಿ ಅಂಚಿನಲ್ಲಿ ಕೀವು ಕಾಣಿಸಿತು. ಅಮ್ಮ ಗಾಬರಿಯಾದಳು. ಚಿಕ್ಕಮ್ಮನ ಮುಖ ಅರಳಿತು.

“ಕೀವು ಬಂತಲ್ಲ ಮಾರಾಯ, ಒಳ್ಳೇದಾಯ್ತು. ನಿನ್ನ ಕಣಗಳೆಲ್ಲ ಬಂದು ಸೇರಿದಾವೆ.”

“ಬಂದವರಿಗೆಲ್ಲ ತಿಂಡಿ ನೀನೇ ಮಾಡು ಹಾಗಾದ್ರೆ,” ಎಂದಳು ಅಮ್ಮ.

ಮತ್ತೆ ಡಾಕ್ಟರ ಬಳಿ ಹೋದೆವು. ಅವರು ಗಾಯ ತೊಳೆದು, ಮಾತ್ರೆ ಬದಲಿಸಿ ಕಳಿಸಿದರು. ಸಂಜೆ ಜಗಲಿಯಲ್ಲಿ ನನ್ನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಚಿಕ್ಕಮ್ಮನನ್ನು, ಲೋಕದಲ್ಲಿ ನೋಡುವುದಕ್ಕೆ ಎಷ್ಟೆಲ್ಲ ಇರುವಾಗ ಇದೇ ಏಕೆ ಎಂದು ಕೇಳಿದೆ. ಅವರು ಗಾಯದ ಪಟ್ಟಿಯ ಅಂಚನ್ನು ಒತ್ತಿ ಕೂರಿಸಿದರು. ಒಳಗೆ ಅಮ್ಮ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

“ನಮಗೊಬ್ಬ ತಮ್ಮ ಇದ್ದ ಕಣೋ. ಮುಳ್ಳು ಚುಚ್ಚಿದ್ರೂ ಅವನ ಗಾಯ ವಾಸಿ ಆಗ್ತಿರಲಿಲ್ಲ. ಕೀವೇ ಕಟ್ತಿರಲಿಲ್ಲ. ಗಾಯ ಚೊಕ್ಕಟವಾಗಿದೆ ಅಂತ ನಾವೆಲ್ಲ ಖುಷಿಪಟ್ಟಿದ್ವಿ.”

ಅವನು ಶಾಲೆಗೆ ಹೋಗುವ ವಯಸ್ಸನ್ನೂ ಮುಟ್ಟಲಿಲ್ಲವಂತೆ. ಅವನ ರಕ್ತದಲ್ಲಿ ಬಿಳಿಕಣಗಳು ಬೇಕಾದಷ್ಟಿದ್ದುವು, ಗಾಯದ ಹತ್ತಿರ ನಿಲ್ಲಲಾರದೆ ಹೋಗಿರಬೇಕು ಎಂಬುದು ಚಿಕ್ಕಮ್ಮನ ಊಹೆ. ಆಗ ಅದು ಯಾರಿಗೂ ತಿಳಿದಿರಲಿಲ್ಲ.

ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದು ತಂಗಿಗೆ ಒತ್ತಿಕೊಂಡು ಕೂತಳು.

“ಅವನ ಹೆಸರೂ ಹೇಳೇ. ಇವನಿಗೂ ಗೊತ್ತಿರ್ಲಿ,” ಎಂದಳು.

ಚಿಕ್ಕಮ್ಮ ಹೇಳಿದರು. ನಮ್ಮ ಮನೆಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.