ಶೇಂಗಾ ಎಣ್ಣೆ ಕುಡಿದ ಕಾರು

ಮನುಷ್ಯನಿಗೆ, ದನಕ್ಕೆ, ಕಿರುಗುಟ್ಟುವ ಬಾಗಿಲಿಗೆ ಬರುವ ಸಕಲ ಕಾಯಿಲೆಗೂ ಮದ್ದು ಒಂದೇ, ಅದು ಶೇಂಗಾ ಎಣ್ಣೆ ಎಂದು ಮನಸಾರೆ ನಂಬಿರುವ ಮಹಾನುಭಾವರು ಭೂಮಿಯ ಮೇಲೆ ಒಬ್ಬರೇ. ಅವರು ನಮ್ಮ ಸೋದರಮಾವ. ಚಳ್ಳಕೆರೆಯಲ್ಲಿ ನಲವತ್ತು ವರ್ಷ ಎಣ್ಣೆ ಮಿಲ್ಲು ನಡೆಸಿದವರು. ಮಿಲ್ಲು ಮುಚ್ಚಿತು, ನಂಬಿಕೆ ಮುಚ್ಚಲಿಲ್ಲ. ನನ್ನ ಕೂದಲು ಉದುರತೊಡಗಿದಾಗಲೂ ಅದನ್ನೇ ಹಚ್ಚಿಸಿದರು. ಫಲಿತಾಂಶವನ್ನು ನನ್ನನ್ನು ನೋಡಿದವರೆಲ್ಲ ಬಲ್ಲರು.

ಇಂಥವರ ಬಳಿ ಒಂದು ಹಳೆಯ ಡೀಸೆಲ್ ಕಾರಿದೆ. ಈ ವರ್ಷ ಅದರ ಆರ್.ಸಿ. ಅವಧಿ ಮುಗಿಯಿತು. ಮುಂದುವರಿಸಬೇಕಾದರೆ ಹೊಗೆ ತಪಾಸಣೆಯಲ್ಲಿ ಪಾಸಾಗಬೇಕು, ಇಲ್ಲವೇ ಗುಜರಿ. ಗುಜರಿಗೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತಲ್ಲ ಎನ್ನುವಿರಾ? ನಮ್ಮ ಅತ್ತೆಗೆ ಪ್ರತಿ ಗುರುವಾರ ಮೊಳಕಾಲ್ಮೂರಿನಲ್ಲಿರುವ ಅಕ್ಕನನ್ನು ನೋಡದಿದ್ದರೆ ಊಟ ಸೇರದು. ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾರರು. ಬಾಡಿಗೆ ಕಾರಿನ ಎ.ಸಿ. ವಾಸನೆಗೆ ವಾಂತಿ. ಅವರು ಕಾಲು ಚಾಚಿ ಕೂರಲೆಂದೇ ಮಾವ ಈ ಕಾರಿನ ಮುಂದಿನ ಸೀಟನ್ನು ಕೀಳಿಸಿ ಒಂದು ಗೇಣು ಹಿಂದಕ್ಕೆ ಕೂರಿಸಿದ್ದಾರೆ. ಕಾರು ಹೋದರೆ ಅಕ್ಕತಂಗಿಯರ ಗುರುವಾರವೂ ಹೋದಂತೆಯೇ!

ಸರಿ, ಹೊರಟೆವು. ಹೊರಟೆವು ಎಂದರೆ ಮಾವ, ಕಾರು ಮತ್ತು ರಜೆ ಹಾಕಿದ ನಾನು. ಮೇಷ್ಟ್ರಿಗೆ ಸರ್ಕಾರ ಸಾಂದರ್ಭಿಕ ರಜೆ ಕೊಡುವುದೇ ಮಾವನ ಕಾರಿಗಾಗಿ ಎಂಬುದು ನಮ್ಮ ಮನೆಯಲ್ಲಿ ಇತ್ಯರ್ಥವಾದ ವಿಷಯ.

ತಪಾಸಣೆಯವನು ಸೈಲೆನ್ಸರಿನೊಳಗೆ ನಳಿಗೆ ತೂರಿಸಿ, "ಆಕ್ಸಿಲೇಟರ್ ಒತ್ರಿ" ಎಂದ. ಮಾವ ಒತ್ತಿದರು. ಹಿಂದಿದ್ದ ಬೇವಿನ ಮರ ಮಾಯವಾಯಿತು. ಸ್ವಲ್ಪ ಹೊತ್ತಿಗೆ ನಾನೂ.

"ಫೇಲ್ ಸಾರ್."

"ಯಾವ ಸಬ್ಜೆಕ್ಟಾಗೆ?"

"ಇರೋದೊಂದೇ ಸಬ್ಜೆಕ್ಟು. ಹೊಗೆ!"

"ಲೇ, ಒಲೆ ಹಚ್ಚಿದ್ರೆ ಹೊಗೆ ಬರಲ್ವೇನೋ? ನಿಮ್ಮವ್ವನ್ನೂ ಫೇಲ್ ಮಾಡ್ತೀಯಾ?"

"ನಮ್ಮವ್ವಂದು ಗ್ಯಾಸ್ ಸ್ಟವ್ ಸಾರ್."

ಅಲ್ಲಿಂದ ಮೆಕ್ಯಾನಿಕ್ ಸಾಹೇಬರ ಬಳಿಗೆ. ಅವರು ಏರ್ ಫಿಲ್ಟರ್ ಬಿಚ್ಚಿ, "ಸಾಹುಕಾರ್ರೇ, ಇದ್ರಾಗೆ ಶೇಂಗಾ ಬಿತ್ತಬೋದು" ಎಂದರು. ಫಿಲ್ಟರ್ ಬದಲಾಯಿಸಿ, ನಾಜಲ್ ರಿಪೇರಿ ಮಾಡಿ ಕೊಡುವಷ್ಟರಲ್ಲಿ ಒಂದು ಗುರುವಾರ ಕಳೆಯಿತು. ಅತ್ತೆ ಅಕ್ಕನಿಗೆ ಫೋನು ಮಾಡಿ, ಹೆಚ್ಚು ಮಾತಾಡದೆ ಇಟ್ಟರು.

ಮತ್ತೆ ತಪಾಸಣೆ, ಮತ್ತೆ ನನ್ನ ರಜೆ. ಮಾವ ಒತ್ತಿದೊಡನೆ ಬಂದ ಹೊಗೆಯಲ್ಲಿ ಘಮಘಮ ಮಿರ್ಚಿ ಬಜ್ಜಿ ಕರಿದ ವಾಸನೆ! ಸಾಲಿನಲ್ಲಿದ್ದ ಆಟೋದವನು ಇಳಿದು ಬಂದು, "ಯಾವ ಕಡೀಗೈತೆ ಅಂಗಡಿ?" ಎಂದು ವಿಚಾರಿಸಿದ. ನಾನು ಮಾವನನ್ನು ನೋಡಿದೆ. ಮಾವ ಆಕಾಶ ನೋಡಿದರು.

"ಪರೀಕ್ಷೆ ಅಲ್ವೇನೋ ಅಳಿಯಾ, ಒಳಗೆಲ್ಲ ನುಣ್ಣಗಿರ್ಲಿ ಅಂತ ಒಂದೈದು ಲೀಟ್ರು..."

"ಎಲ್ಲಿಗೆ ಹಾಕಿದ್ರಿ?"

"ಟ್ಯಾಂಕಿಗೆ. ಡಬಲ್ ಫಿಲ್ಟರ್ ಎಣ್ಣೆ ಕಣಲೇ!"

ಸುದ್ದಿ ಕೇಳಿದ ಸಾಹೇಬರು ಸ್ಪ್ಯಾನರ್ ಕೆಳಗಿಟ್ಟು, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದರು. ಆಮೇಲೆ ಟ್ಯಾಂಕ್ ಬರಿದು ಮಾಡಿ, ತೊಳೆದು, ನಾಜಲ್ ಮತ್ತೆ ಬಿಚ್ಚಿದರು. "ಕಾರು ನಿಮ್ದೇ ಸಾಹುಕಾರ್ರೇ, ಟ್ಯಾಂಕ್ ಮುಚ್ಚಳದ ಕೀಲಿ ಮಾತ್ರ ಪಾಸಾಗೋ ತನಕ ನನ್ ಹತ್ರ ಇರ್ಲಿ" ಎಂದರು. ಎರಡನೇ ಗುರುವಾರವೂ ಹೋಯಿತು.

ಮೂರನೇ ಸಲ ಪಾಸು! ನನ್ನ ಮಕ್ಕಳ ಫಲಿತಾಂಶ ಬಂದಾಗಲೂ ನಾನು ಅಷ್ಟು ದೀರ್ಘವಾಗಿ ಉಸಿರು ಬಿಟ್ಟಿರಲಿಲ್ಲ. ಮರುದಿನ ಗುರುವಾರ. ಬೆಳಿಗ್ಗೆಯೇ ಅತ್ತೆಯನ್ನು ಕೂರಿಸಿಕೊಂಡು ಮೊಳಕಾಲ್ಮೂರು ಮುಟ್ಟಿದೆವು. ಜೊತೆಗೆ ನಾನೇಕೆ? ದಾರಿಯಲ್ಲಿ ನಿಂತರೆ ತಳ್ಳಲು.

ಅಕ್ಕತಂಗಿಯರು ಜಗುಲಿಯ ಮೇಲೆ ಕೂತವರು ಕೂತೇ ಇದ್ದರು. ಮೂರು ವಾರದ ಮಾತು, ಅರ್ಧ ಕನ್ನಡ ಅರ್ಧ ತೆಲುಗು. ಬಿಸಿಲು ಇಳಿಯಿತು. ಮನೆಯಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳು ನೆನಪಾಗಿ, "ಹೊರಡೋಣ ಮಾವ" ಎಂದೆ. ಅತ್ತೆ ಮಾತು ನಿಲ್ಲಿಸಿ ಚಪ್ಪಲಿಗೆ ಕಾಲು ಚಾಚಿದರು. ಅಕ್ಕ ಅವರ ಕೈ ಬಿಡಲಿಲ್ಲ.

ಮಾವ ಎದ್ದು ಹೋಗಿ ಬಾನೆಟ್ ಎತ್ತಿದರು.

"ಈಗೆಲ್ಲಿ ಹೊರಡೋದಲೇ? ಇಂಜಿನ್ ಕಾದು ಕೆಂಡ ಆಗೈತೆ. ಇನ್ನೊಂದು ತಾಸು ಆರ್ಬೇಕು."

"ಕುಂತ್ಕಳೇ, ಆರ್ಲಿ" ಎಂದು ಅಕ್ಕ ತಂಗಿಯನ್ನು ಹತ್ತಿರಕ್ಕೆಳೆದುಕೊಂಡರು.

ನಾನು ಹೋಗಿ ಇಂಜಿನ್ನಿನ ಮೇಲೆ ಕೈಯಿಟ್ಟೆ. ಬೆಳಗಿನಿಂದ ನೆರಳಲ್ಲಿ ನಿಂತ ಗಾಡಿ. ತಣ್ಣಗೆ ಕೊರೆಯುತ್ತಿತ್ತು. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

ಕೈ ಥಟ್ಟನೆ ಹಿಂದಕ್ಕೆಳೆದುಕೊಂಡು, "ಅಬ್ಬಾ, ಸುಡ್ತೈತೆ!" ಎಂದೆ.