ಹಿಂಗಾಲಿನ ಪುಟ

ನಾನು ಗೆಂಡೆಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಪಾಠ ಹೇಳುವವರ ಬದುಕಿನಲ್ಲಿ ನಗುವ ಸಂಗತಿಗಳಿಗೆ ಮೊದಲೇ ಕೊರತೆಯಿಲ್ಲ. ಡೆನ್ಮಾರ್ಕಿನ ಹುಡುಗಿಯೊಬ್ಬಳು ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಇದ್ದಾಗಲಂತೂ ಅವು ಒಂದೊಂದಾಗಿ ಬರಲಿಲ್ಲ, ಸಾಲುಗಟ್ಟಿ ಬಂದವು.

ಅವಳು ಓದುತ್ತಿದ್ದುದು ಶಿಲ್ಪಕಲೆ. ವಾರಕ್ಕೆ ಮೂರು ದಿನ ಹಳೇಬೀಡಿಗೆ ಹೋಗಿ ಗುಡಿಯ ಕೆಳಸಾಲಿನ ಕಲ್ಲಿನಾನೆಗಳ ಮುಂದೆ ಕೂತು ಚಿತ್ರ ಬರೆಯುವುದು, ಉಳಿದ ದಿನ ನಮ್ಮ ಶಾಲೆಯಲ್ಲಿ ಬಿಟ್ಟಿಯಾಗಿ ಇಂಗ್ಲಿಷ್ ಹೇಳಿಕೊಡುವುದು. ನಡೆಯುವಾಗ ಆನೆ ಹಿಂಗಾಲು ಎತ್ತುವ ರೀತಿಯನ್ನು ಶಿಲ್ಪಿ ಸರಿಯಾಗಿ ಕೆತ್ತಿದ್ದಾನೆಯೇ ಎಂಬುದು ಅವಳ ಪ್ರಶ್ನೆ. ಅದಕ್ಕೆ ಕಾಡಾನೆ ನಡೆಯುವುದನ್ನು ಕಣ್ಣಾರೆ ನೋಡಬೇಕು. ಸರಪಳಿ ಹಾಕಿದ ಆನೆಯ ನಡಿಗೆಯೇ ಬೇರೆಯಂತೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ‘ಜೀವಂತ ಆನೆ, ಹಿಂಗಾಲು’ ಎಂದು ಬರೆದು ಖಾಲಿ ಬಿಟ್ಟಿದ್ದಳು. ಆ ಪುಟ ತುಂಬದಿದ್ದರೆ ಇಷ್ಟು ದೂರ ಬಂದದ್ದು ದಂಡ ಎನ್ನುತ್ತಿದ್ದಳು. ನಮ್ಮ ಕಡೆ ಕಾಫಿ ತೋಟಗಳಿಂದ ಆನೆ ಗದ್ದೆಗೆ ಇಳಿಯದ ವರ್ಷವಿಲ್ಲ. ಬಾರದಿರಲಿ ಎಂದು ನಾವು, ಬರಲಿ ಎಂದು ಅವಳು.

ಹುಳ

ಅವಳಿಗೆ ಕನ್ನಡ ಕಲಿಸಿದ್ದು ನಮ್ಮ ಅತ್ತೆ. ಹಾಗಾಗಿ ಅವಳ ಬಾಯಲ್ಲಿ ‘ಇದೆ’ ಇಲ್ಲ, ಎಲ್ಲವೂ ‘ಐತೆ’.

ಒಂದು ದಿನ ಅತ್ತೆ ಹೇಳಿದರು, “ಸೌದೆ ಹತ್ರ ಹೋಗ್ಬ್ಯಾಡ ಕಣವ್ವ, ಹುಳ ಐತೆ.”

ಹಿಂದಿನ ದಿನವಷ್ಟೇ ನನ್ನ ತರಗತಿಯಲ್ಲಿ ಕೂತು ರೇಷ್ಮೆ ಹುಳದ ಪಾಠ ಕೇಳಿದ್ದಳು. ಬಹಳ ಖುಷಿಯಿಂದ ಖಾಲಿ ಉಪ್ಪಿನಕಾಯಿ ಬಾಟಲಿಗೆ ಎರಡು ಎಲೆ ಹಾಕಿಕೊಂಡು ಹಿಡಿಯಲು ಹೋದಳು. ಹೋದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ, ಬಾಟಲಿ ಇಲ್ಲದೆ ವಾಪಸ್ ಬಂದಳು.

“ಅಜ್ಜಿ, ಅದು ಹುಳ ಅಲ್ಲ!”

“ಹುಳಾನೇ ಕಣವ್ವ,” ಎಂದರು ಅತ್ತೆ, “ಒಸಿ ಉದ್ದ ಐತೆ ಅಷ್ಟೆ.”

ಹಾವಿನ ಹೆಸರು ಹಿಡಿದು ಕರೆದರೆ ಅದು ಬಂದೇಬಿಡುತ್ತದೆ ಎಂಬ ಭಯ ಇವರಿಗೆ ಎಂದು ನಾನು ವಿವರಿಸಿದೆ. “ಬರೀ ಮೂಢನಂಬಿಕೆ. ನಾವು ಇಟ್ಟ ಹೆಸರು ಪ್ರಾಣಿಗೆ ಹೇಗೆ ಗೊತ್ತಾಗುತ್ತೆ?” ಎಂದು ಅರ್ಧ ಗಂಟೆ ಭಾಷಣವನ್ನೂ ಮಾಡಿದೆ. ಅವಳು ಅದನ್ನೆಲ್ಲ ಬರೆದುಕೊಂಡಳು. ಬರೆದುಕೊಳ್ಳದಿದ್ದರೆ ಚೆನ್ನಾಗಿತ್ತು.

ಬತ್ತೀನಿ

ಬೆಳಿಗ್ಗೆ ಅವಳನ್ನು ಬಸ್‌ಸ್ಟಾಪಿಗೆ ಬಿಡುವುದು ಆಟೋ ಗಣಪ. ಮೊದಲ ದಿನ ಅವಳನ್ನು ಇಳಿಸಿ “ಬತ್ತೀನಿ ಮೇಡಂ” ಎಂದು ಹೋದ. ನಾನು ಶಾಲೆಗೆ ಹೊರಟಾಗ ನೋಡಿದರೆ ಅವಳು ಅಲ್ಲೇ ಬಿಸಿಲಲ್ಲಿ ನಿಂತಿದ್ದಾಳೆ. ಹಳೇಬೀಡಿನ ಎರಡು ಬಸ್ಸು ಬಂದು ಹೋಗಿವೆ.

“ಹತ್ತಲಿಲ್ಲವಾ?”

“ಗಣಪ ಬತ್ತೀನಿ ಅಂದವ್ನೆ.”

ಇಲ್ಲಿ ಹೋಗುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬತ್ತೀನಿ’ ಎಂದೇ ಹೋಗುವುದು ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಮಾರನೆಯ ದಿನ ಗಣಪನನ್ನು ಹಿಡಿದು ನಿಲ್ಲಿಸಿದಳು. “ಬತ್ತೀನಿ ಅಂದ್ರಿ. ಬರಲಿಲ್ಲ.”

“ಬಂದಿವ್ನಲ್ಲ ಮೇಡಂ,” ಎಂದ ಗಣಪ, “ಇವತ್ತು!”

ಅವಳು ಸೇಡು ತೀರಿಸಿಕೊಂಡಳು. ಅಂದಿನಿಂದ ಗಣಪ ಬಂದ ಎಂದು ಅತ್ತೆ ಕೂಗಿದಾಗಲೆಲ್ಲ ಒಳಗಿನಿಂದ, “ಕೂರಕ್ಕೆ ಹೇಳಿ ಅಜ್ಜಿ, ಕಾಫಿ ಕೊಡಿ, ಬತ್ತೀನಿ” ಎನ್ನುವುದು, ಅರ್ಧ ಗಂಟೆ ಕಾಯಿಸುವುದು. ಅವನು ಕುಡಿದ ಕಾಫಿಗೆ ಇನ್ನೊಂದು ಎಮ್ಮೆ ಕಟ್ಟಬೇಕು ಎಂದು ಅತ್ತೆ ಗೊಣಗುತ್ತಿದ್ದರು.

ಸಫಾರಿ

ಮೂರು ತಿಂಗಳಾದರೂ ಆನೆ ಕಾಣಲಿಲ್ಲ. ಅವಳು ಪಕ್ಕದ ಜಿಲ್ಲೆಯ ಕಾಡಿನಲ್ಲಿ ಸಫಾರಿಗೆ ಹೊರಟಳು, ಜೊತೆಗೆ ನನ್ನನ್ನೂ ಎಳೆದಳು. ಒಮ್ಮೆ ಆನೆಗೆ ಹೆದರಿ ಸ್ಕೂಟರನ್ನು ರಸ್ತೆಯಲ್ಲೇ ಬಿಟ್ಟು ಓಡಿದ್ದವಳು ನಾನು. ಜೀಪಿನಲ್ಲಿ ಅವಳು ಕತ್ತು ಉದ್ದ ಮಾಡಿಕೊಂಡು ಪೊದೆ ಪೊದೆ ಹುಡುಕಿದಳು. ನಾನು ಪಕ್ಕದಲ್ಲಿ ಕಂಬಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದೆ.

ಜಿಂಕೆ ಬಂತು, ನವಿಲು ಬಂತು. ಒಂದು ಕಡೆ ಗೈಡ್ ಜೀಪು ನಿಲ್ಲಿಸಿ ಪಿಸುಗುಟ್ಟಿದ, “ಆನೆ ಲದ್ದಿ ಮೇಡಂ. ಈಗಷ್ಟೇ ಹೋಗಿದೆ, ಇನ್ನೂ ಬಿಸಿ.” ಅವಳು ಅದನ್ನೇ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದಳು.

ಮನೆಗೆ ಬಂದು ತೋರಿಸಿದಾಗ ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಇದನ್ನ ನೋಡಕ್ಕೆ ಅಷ್ಟು ದೂರ ಹೋಗಿದ್ರಾ? ನಮ್ಮ ಗದ್ದೆ ಬದೀಲೇ ಬಿದ್ದೈತಲ್ಲ!”

ಗಣಪ

ಅವಳು ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ, ಅವಳು ಬಚ್ಚಲಲ್ಲಿ. ಅಂಗಳದಲ್ಲಿ ಬಾಳೆ ಲಟಲಟ ಮುರಿದ ಸದ್ದು. ಕಿಟಕಿಯಲ್ಲಿ ನೋಡಿದರೆ ಒಂಟಿ ಸಲಗ.

ಮಾವನವರ ಕಾಲದಿಂದಲೂ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ, ಗಣಪತಿ ಕೂರಿಸುವ ಪದ್ಧತಿಯಿಲ್ಲ. ಆದರೂ ಆನೆ ಎದುರಿಗೆ ಬಂದು ನಿಂತರೆ ಅತ್ತೆಯ ಬಾಯಲ್ಲಿ ಆನೆ ಎಂಬ ಮಾತು ಹೊರಡುವುದಿಲ್ಲ. ಪಾಪ, ಆ ಹುಡುಗಿಗೆ ತೋರಿಸಲೇಬೇಕೆಂದು ಬಚ್ಚಲಿಗೆ ಓಡಿ ಬಾಗಿಲು ಬಡಿದರು. “ಬಾರವ್ವ, ಬ್ಯಾಗ ಬಾ! ಗಣಪ ಬಂದವ್ನೆ!”

ಒಳಗಿನಿಂದ ನೀರು ಹೊಯ್ದುಕೊಳ್ಳುತ್ತಲೇ ಉತ್ತರ ಬಂತು. “ಕೂರಕ್ಕೆ ಹೇಳಿ ಅಜ್ಜಿ! ಕಾಫಿ ಕೊಡಿ! ಬತ್ತೀನಿ!”

ಅವಳು ತಲೆ ಒರೆಸಿಕೊಂಡು ಬರುವ ಹೊತ್ತಿಗೆ ಅಂಗಳ ಖಾಲಿ.

“ಎಲ್ಲಿ ಗಣಪ?”

“ಹೋದ,” ಎಂದರು ಅತ್ತೆ.

“ಕಾಫಿ ಕುಡಿದ್ನಾ?”

“ಬಾಳೆ ತಿಂದ.”

ಮುರಿದ ಬಾಳೆಯನ್ನೂ ಕೆಸರಿನಲ್ಲಿ ಮೂಡಿದ್ದ ಮೊರದಗಲದ ಹೆಜ್ಜೆಗಳನ್ನೂ ನೋಡಿ ಅವಳಿಗೆ ಅರ್ಥವಾಯಿತು. ಜಗಲಿಯ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ನನಗೂ ತುಂಬಾ ಸಂಕಟವಾಯಿತು.

“ನೀವಾದರೂ ಆನೆ ಅಂತ ಕೂಗಬಹುದಿತ್ತಲ್ಲ? ನೀವು ಸೈನ್ಸ್ ಟೀಚರ್!”

ನಾನೂ ಕಿಟಕಿ ಹಿಡಿದುಕೊಂಡು ‘ಗಣಪ, ಗಣಪ’ ಎಂದೇ ಪಿಸುಗುಟ್ಟುತ್ತಿದ್ದೆ ಎಂದು ಯಾವ ಬಾಯಲ್ಲಿ ಹೇಳಲಿ?

ಅವಳು ಕಣ್ಣೊರೆಸಿಕೊಂಡು ನೋಟ್‌ಬುಕ್ ತೆಗೆದಳು. “ಹೋಗಲಿ. ಹಿಂಗಾಲು ಹೇಗೆ ಎತ್ತಿತು, ಅದನ್ನಾದರೂ ಹೇಳಿ.”

ಅದು ನಡೆಯಲು ಶುರುಮಾಡಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅತ್ತೆಯನ್ನು ಕೇಳಿದರೆ, “ಆನೆ ನಡ್ದಂಗೇ ನಡೀತು ಕಣವ್ವ” ಎಂದರು. ಗಣಪ ಹೋಗಿದ್ದನಲ್ಲ, ಈಗ ಆನೆ ಎನ್ನಲು ಅವರಿಗೆ ಏನೂ ಅಡ್ಡಿಯಿರಲಿಲ್ಲ.

ಮಾರನೆಯ ಬೆಳಿಗ್ಗೆ ಅರಸೀಕೆರೆಯಿಂದ ಅವಳ ರೈಲು. ಅವಳು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಳು. ಅಂಗಳದಿಂದ ಅತ್ತೆ ಕೂಗಿದರು, “ಗಣಪ ಬಂದವ್ನೆ!”

ಬಾಯಿ ತುಂಬ ನೊರೆ, ಕೈಯಲ್ಲಿ ಕ್ಯಾಮೆರಾ, ಒಂದೇ ಕಾಲಿಗೆ ಚಪ್ಪಲಿ. ನಡುಮನೆಯಲ್ಲಿ ನನ್ನನ್ನು ತಳ್ಳಿಕೊಂಡೇ ಓಡಿದಳು. ಅಂಗಳದಲ್ಲಿ ಖಾಕಿ ಅಂಗಿ ಹಾಕಿಕೊಂಡು ಆಟೋ ಗಣಪ ನಿಂತಿದ್ದ.

“ಏನ್ ಮೇಡಂ, ನಾಕ್ ತಿಂಗ್ಳು ಕಾಯ್ಸಿ ಕಾಯ್ಸಿ, ಇವತ್ತು ಹಿಂಗ್ ಓಡ್ಬಂದ್ರಿ?”

ಅವಳು ಅವನನ್ನೇ ನೋಡಿದಳು. ಆಮೇಲೆ ನಗು ಬಂತು, ನೊರೆಯೆಲ್ಲ ಅವಳ ಅಂಗಿಯ ಮೇಲೆ. ಬಾಯಿ ತೊಳೆದು, ನೋಟ್‌ಬುಕ್ಕಿನ ಆ ಕೊನೆಯ ಪುಟ ತೆಗೆದು ಜಗಲಿಯ ಮೇಲೆ ಕೂತಳು. “ಗಣಪ, ಬೇಲಿಯಿಂದ ಇಲ್ಲಿಗೆ ಒಂದು ಸಲ ನಡೀರಿ. ನಿಧಾನ.”

ರೈಲಿಗೆ ಹೊತ್ತಾಗುತ್ತಿತ್ತು. ಆದರೂ ಗಣಪ ಅಂಗಿ ಸರಿಮಾಡಿಕೊಂಡು, ಬೇಲಿಯವರೆಗೆ ಹೋಗಿ, ಫೋಟೋಕ್ಕೆ ನಿಂತವನಂತೆ ಬಿಗಿಯಾಗಿ ನಿಂತ.

“ಯಾವ್ ಕಾಲು ಮೊದ್ಲು ಎತ್ಲಿ ಮೇಡಂ?”

“ಹಿಂದಿಂದು,” ಎಂದಳು.

ಗಣಪ ತಿರುಗಿ ತನ್ನ ಹಿಂದೆ ನೋಡಿಕೊಂಡ.