ನೊಣ ತಿನ್ನುವ ಗಿಡಕ್ಕೆ ಸಪ್ಪೆ ನೀರು

ಮನೆಯಲ್ಲಿ ನೊಣ ಹಿಡಿದು ತಿನ್ನುವ ಗಿಡವೊಂದಿದ್ದರೆ ಸಾಕು, ತಮಾಷೆ ತಾನಾಗಿ ಮನೆ ಹುಡುಕಿಕೊಂಡು ಬರುತ್ತದೆ. ಅದಕ್ಕೆ ನಲ್ಲಿ ನೀರು ಆಗದು, ಬೋರ್‌ವೆಲ್ ನೀರು ಆಗದು, ಲವಣವಿರುವ ಯಾವ ನೀರೂ ಆಗದು. ನನ್ನ ಮೊದಲ ಗಿಡ ನಲ್ಲಿ ನೀರು ಕುಡಿದೇ ಕಪ್ಪಾಗಿ ಹೋಯಿತು. "ಇದೂ ಹೋದ್ರೆ ಇನ್ನೊಂದು ಈ ಮನೆಗೆ ಬರಲ್ಲ" ಎಂದು ಹೆಂಡತಿ ಎರಡನೆಯದರ ಎದುರಿಗೇ ಹೇಳಿಬಿಟ್ಟಳು.

೧. ಯಾವ ಗಾಡಿ?

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗಾಗಿ ಶಿವಾಜಿನಗರದ ಬಿಡಿಭಾಗಗಳ ಅಂಗಡಿಗೆ ಹೋದೆ.

"ಯಾವ ಗಾಡಿ ಸಾಬ್?" ಎಂದರು ಅಂಗಡಿಯವರು.

"ಗಾಡಿ ಅಲ್ಲ, ಗಿಡ. ಇದ್ರಲ್ಲಿ ಆಸಿಡ್ ಇಲ್ಲ ತಾನೇ?"

ಮೊಬೈಲಿನಲ್ಲಿ ಗಿಡದ ಫೋಟೋ ತೋರಿಸಿದೆ. ಅದು ನೊಣ ತಿನ್ನುತ್ತದೆಂದು ಕೇಳಿ ಅವರ ಮುಖ ಅರಳಿತು. "ಇದು ಬರೀ ಪಾನಿ ಸಾಬ್. ಒಂದ್ ಕೆಲಸ ಮಾಡಿ, ಗಿಡ ಇಲ್ಲೇ ತಂದಿಡಿ, ನೀರು ನಾನೇ ಹಾಕ್ತೀನಿ. ಪಕ್ಕದ ಕಬಾಬ್ ಅಂಗಡಿ ನೊಣ ಎಲ್ಲಾ ನನ್ ಚಾಯ್ ಮೇಲೇ ಕೂರ್ತವೆ."

೨. ಗ್ಲುಕೋಸು

ಬಿಸಿಲಿಗೆ ಗಿಡ ಸ್ವಲ್ಪ ಬಾಡಿತು. ಸಂಜೆ ಬಂದಾಗ, ಮನೆಗೆಲಸಕ್ಕೆ ಬರುವ ರಾಯಚೂರಿನ ಹೆಂಗಸು ಅದರ ಪಕ್ಕ ಲೋಟ ಹಿಡಿದು ನಿಂತಿದ್ದಳು. "ಆ ಸಪ್ಪನ ನೀರು ಕುಡದು ಸೊರಗೈತ್ರಿ. ಚಿಟಿಕಿ ಉಪ್ಪು, ಸಕ್ರಿ ಕಲಸಿ ಹಾಕೀನ್ರಿ."

ಉಪ್ಪು ತೊಳೆದುಹೋಗಲೆಂದು ಇದ್ದ ಡಿಸ್ಟಿಲ್ಡ್ ನೀರನ್ನೆಲ್ಲ ಕುಂಡದ ಮೇಲೆ ಸುರಿದೆ. ಅವಳು ನೋಡುವಷ್ಟು ನೋಡಿ ಹೇಳಿದಳು: "ನೀರು ಪೋಲು ಮಾಡಬ್ಯಾಡ ಅಂತ ದಿನಾ ನನಗ ಬೈತೀರಲ್ರೀ ಸರ."

೩. ಮೇಲಿನ ಮನೆಯ ಎಸಿ

ನೀರು ಖಾಲಿಯಾದಾಗ ನೆನಪಾದದ್ದು ಮೇಲಿನ ಮನೆಯ ನಿವೃತ್ತ ಮೇಷ್ಟ್ರ ಎಸಿ. ಅದರಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇರುವುದಿಲ್ಲ. ಆದರೆ ಆ ನೀರು ನಮ್ಮ ಬಾಲ್ಕನಿಗೆ ಬೀಳುತ್ತದೆಂದು ಎರಡು ಬೇಸಿಗೆ ಜಗಳವಾಡಿ, ಹೋದ ವಾರವಷ್ಟೇ ಪೈಪನ್ನು ಆಚೆ ತಿರುಗಿಸುವಂತೆ ಮಾಡಿದ್ದವನು ನಾನೇ. ಮಾನ ಬಿಟ್ಟು ಮೆಟ್ಟಿಲು ಹತ್ತಿದೆ.

"ಸಾರ್, ಪೈಪು ಮತ್ತೆ ನಮ್ ಕಡೆಗೇ ತಿರುಗಿಸ್ತೀರಾ?"

ಮೇಷ್ಟ್ರು ಗಿಡದ ಕಥೆ ಪೂರ್ತಿ ಕೇಳಿ, "ಜೀವದ ವಿಷಯ ಅಂದ್ರೆ ಇಲ್ಲ ಅನ್ನೋಕಾಗುತ್ತೇನ್ರೀ" ಎಂದು ತಿರುಗಿಸಿಕೊಟ್ಟರು. ಬಕೆಟ್ ತುಂಬಿತು, ಗಿಡ ಹೊಸ ಬಾಯಿ ತೆರೆಯಿತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಅಷ್ಟರಲ್ಲಿ ನಮ್ಮ ಕಾಕ್ಸ್‌ಟೌನಿಗೆಲ್ಲ ಜಡಿಮಳೆ ಹಿಡಿಯಿತು. ಗಿಡಕ್ಕೆ ಮಳೆನೀರಿಗಿಂತ ಒಳ್ಳೆಯದಿಲ್ಲ. ಕುಂಡವನ್ನು ಮಳೆಗಿಟ್ಟು, ಒಂದು ಥ್ಯಾಂಕ್ಸ್ ಹೇಳಿ ಬರೋಣವೆಂದು ಮೇಲೆ ಹೋದೆ. ಬಾಗಿಲು ತೆರೆದ ಮೇಷ್ಟ್ರು ಸ್ವೆಟರ್, ಮಂಕಿ ಕ್ಯಾಪ್ ಹಾಕಿ, ಮೇಲೊಂದು ರಗ್ಗು ಹೊದ್ದಿದ್ದರು. ಒಳಗೆ ಎಸಿ ಓಡುತ್ತಲೇ ಇತ್ತು.

"ಗಿಡ ಉಳೀತೇನ್ರೀ?"

"ಉಳೀತು ಸಾರ್."

"ಹಾಗಾದ್ರೆ ಎಸಿ ಆಫ್ ಮಾಡ್ಲಾ? ಚಳಿ ತಡೀಲಾರ್ದೆ ನಮ್ಮನೆಯವಳು ತಂಗಿ ಮನೆಗೆ ಹೋಗ್ಬಿಟ್ಟಿದಾಳೆ."